ಮನೆತನದ ರೋಗವೂ ಮುಂಜಾಗ್ರತೆಯೂ



ತಾಯಿಗೆ ಸ್ತನದ ಕ್ಯಾನ್ಸರ್ ಬಂದಿತ್ತೆಂಬ ಸಂಗತಿಯನ್ನು ಮಗಳ ವಿವಾಹಕ್ಕೆ ಅಡ್ಡಿಯಾದೀತೆಂದು ಮುಚ್ಚಿಡುವ ಮನೆಗಳನ್ನು ನಾವು ಬಲ್ಲೆವು. ನಮ್ಮಲ್ಲಿ ಓದಿದ ಒಬ್ಬಾಕೆಯು ಹೀಗೆಯೇ ಏನೂ ಅರಿಯದೆ, ಗಂಟು ದೊಡ್ಡದಾದ ಮೇಲೆ ವೈದ್ಯರ ಬಳಿಗೆ ಹೋದಳು. ಆದಕಾರಣ ಇದನ್ನು ಬರೆಯುತ್ತೇವೆ.

ಈ ರೋಗವು ಮುಟ್ಟಿದರೆ ಅಂಟುವದಲ್ಲ. ಸ್ತನದ ಕ್ಯಾನ್ಸರುಗಳಲ್ಲಿ ನೂರಕ್ಕೆ 5ರಿಂದ 10ರಷ್ಟು ಮಾತ್ರವೇ ವಂಶಾನುಗತವಾದವು. 1994 ಮತ್ತು 1995ರಲ್ಲಿ ಗುರುತಿಸಲ್ಪಟ್ಟ ಬಿಆರ್‌ಸಿಎ ಒಂದು, ಎರಡು ಎಂಬ ವಂಶವಾಹಿಗಳ ದೋಷವು ಅವುಗಳಿಗೆ ಮುಖ್ಯ ಕಾರಣ. ಆ ದೋಷವುಳ್ಳವರು ತಾಯಿಯಾಗಲಿ ತಂದೆಯಾಗಲಿ, ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವವು ಅರ್ಧದಷ್ಟು. ಆದುದರಿಂದ ಸೋದರತ್ತೆಯ ರೋಗವನ್ನೂ ಲೆಕ್ಕಿಸತಕ್ಕದ್ದು.

ಮಾಡತಕ್ಕದ್ದೇನು? ಎರಡೂ ಕಡೆಯ ಬಂಧುಗಳಲ್ಲಿ ಯಾರಿಗೆ, ಯಾವ ಅವಯವದಲ್ಲಿ, ಎಷ್ಟನೆಯ ವಯಸ್ಸಿನಲ್ಲಿ ರೋಗವು ಕಂಡಿತೆಂದು ಬರೆದು ವೈದ್ಯರಿಗೆ ತೋರಿಸಿರಿ. ವಯಸ್ಸು ಬಹು ಮುಖ್ಯವಾದದ್ದು. ತಂದೆಗೆ 45ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಂಡಿದ್ದರೆ, ಮಕ್ಕಳಿಗೆ 10 ವರ್ಷ ಮುಂಚಿತವಾಗಿ, ಅಂದರೆ 35ರಲ್ಲಿಯೇ ಕರುಳನ್ನು ಪರೀಕ್ಷಿಸುವದು ವೈದ್ಯರ ಕ್ರಮ. ಕ್ಯಾನ್ಸರಾಗಬಹುದಾದ ಗಡ್ಡೆಯನ್ನು ಆಗಲೇ ತೆಗೆದುಹಾಕಬಹುದು.

ಪರೀಕ್ಷೆಗೆ ಹೋಗುವದೆಂದರೆ ರೋಗವನ್ನು ಕರೆಯುವದಲ್ಲ. ಮಗಳಿಗೆ ಒಡವೆಗಳನ್ನು ಒಪ್ಪಿಸುವ ತಾಯಿಯು ಈ ಸಂಗತಿಯನ್ನೂ ಒಪ್ಪಿಸಲಿ.