ಮೂತ್ರಾಶಯದ ಕ್ಯಾನ್ಸರ್: ಶಸ್ತ್ರಚಿಕಿತ್ಸೆಯ ನಂತರದ ಆಯುರ್ಗಣನೆ

ರೋಗಿಯು ಬದುಕುವನೇ, ಬದುಕಿದರೆ ಎಷ್ಟು ಕಾಲ ಎಂಬ ಪ್ರಶ್ನೆ ವೈದ್ಯಶಾಸ್ತ್ರದಷ್ಟೇ ಪುರಾತನವಾದುದು. ಚರಕಸಂಹಿತೆಯ ಇಂದ್ರಿಯಸ್ಥಾನವೆಂಬ ಭಾಗವು ಈ ವಿಚಾರಕ್ಕೇ ಮೀಸಲಾಗಿದೆ. ವ್ಯಾಧಿಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸುವ ಕ್ರಮವೂ ಆಯುರ್ವೇದದಲ್ಲಿ ಬಹು ಹಿಂದಿನಿಂದ ಬಂದಿದೆ. ಆಧುನಿಕ ವೈದ್ಯನು ಅದೇ ಪ್ರಶ್ನೆಗೆ ಅಂಕಿಗಳ ಮೂಲಕ ಉತ್ತರ ಕೊಡುತ್ತಾನೆ. ಆ ಅಂಕಿ ಎಲ್ಲಿಂದ ಬಂತು, ಯಾರನ್ನು ಎಣಿಸಿ ಬಂತು, ಮುಂದೆ ಕುಳಿತಿರುವ ಒಬ್ಬ ರೋಗಿಯ ವಿಷಯದಲ್ಲಿ ಅದು ಎಷ್ಟರ ಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಪರಿಶೀಲಿಸಲು ಮೂತ್ರಾಶಯದ ಕ್ಯಾನ್ಸರ್ ಉತ್ತಮ ನಿದರ್ಶನವಾಗಿದೆ.

ಮೂತ್ರಾಶಯದ ಗೋಡೆಯಲ್ಲಿ ಒಳಗಿನಿಂದ ಹೊರಕ್ಕೆ ನಾಲ್ಕು ಪದರಗಳನ್ನು ಗುರುತಿಸಬಹುದು: ತೆಳುವಾದ ಒಳಪೊರೆ, ರಕ್ತನಾಳಗಳಿಂದ ಕೂಡಿದ ಸಡಿಲ ಪದರ, ದಪ್ಪನೆಯ ಸ್ನಾಯು, ಅದರಾಚೆಗೆ ಕೊಬ್ಬು. ಕ್ಯಾನ್ಸರ್ ಸಾಮಾನ್ಯವಾಗಿ ಒಳಪೊರೆಯಲ್ಲಿ ಹುಟ್ಟುತ್ತದೆ. ಬೀಡಿ, ಸಿಗರೇಟುಗಳ ಸೇವನೆ ಇದಕ್ಕೆ ಪ್ರಮುಖ ಕಾರಣ. ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಈ ರೋಗ ಕಾಣಿಸಿಕೊಳ್ಳುತ್ತಿರುವುದನ್ನು ಜರ್ಮನಿಯ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆನ್ ೧೮೯೫ರಲ್ಲಿಯೇ ತಿಳಿಸಿದ್ದನು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣಿಸುವುದು ರೋಗದ ಮೊದಲ ಸೂಚನೆ. ನೋವಿಲ್ಲವೆಂಬ ಕಾರಣದಿಂದಲೇ ಅನೇಕರು ಅದನ್ನು ಉಷ್ಣವೆಂದು ಭಾವಿಸಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಗೆಡ್ಡೆಯು ಮೇಲುಪದರಗಳಲ್ಲಿಯೇ ನಿಂತಿದ್ದರೆ ಮೂತ್ರದ್ವಾರದ ಮೂಲಕ ಉಪಕರಣವನ್ನು ತೂರಿಸಿ ಅದನ್ನು ಕೆರೆದು ತೆಗೆಯಬಹುದು. ಸ್ನಾಯುವಿನೊಳಕ್ಕೆ ಇಳಿದಿದ್ದರೆ ಇಡೀ ಮೂತ್ರಾಶಯವನ್ನೇ, ಅದರ ಸುತ್ತಲಿನ ದುಗ್ಧಗ್ರಂಥಿಗಳ ಸಮೇತ, ತೆಗೆಯುವುದು ರೂಢಿಯಾಗಿ ಬಂದಿರುವ ಚಿಕಿತ್ಸೆ. ೧೮೮೭ರಲ್ಲಿ ಕಲೋನ್ ನಗರದ ಬಾರ್ಡನ್‌ಹೋಯರ್ ಮೊಟ್ಟಮೊದಲಿಗೆ ಈ ಶಸ್ತ್ರಕ್ರಿಯೆಯನ್ನು ನಡೆಸಿದಾಗ ರೋಗಿಯು ಎರಡು ವಾರಗಳಲ್ಲಿ ತೀರಿಕೊಂಡನು. ಮೂತ್ರಾಶಯವನ್ನು ತೆಗೆದರೆ ಮೂತ್ರವು ಹೋಗುವುದೆಲ್ಲಿಗೆ ಎಂಬುದೇ ಬಹುಕಾಲ ಬಗೆಹರಿಯದ ತೊಡಕಾಗಿತ್ತು. ಸಣ್ಣಕರುಳಿನ ಒಂದು ತುಂಡನ್ನು ಕಾಲುವೆಯಂತೆ ಬಳಸಿ ಮೂತ್ರವನ್ನು ಹೊಟ್ಟೆಯ ಮೇಲಿನ ರಂಧ್ರದಿಂದ ಹೊರಕ್ಕೆ ಹರಿಸುವ ವಿಧಾನವನ್ನು ಅಮೆರಿಕದ ಯೂಜೀನ್ ಬ್ರಿಕರ್ ೧೯೫೦ರಲ್ಲಿ ಪ್ರಕಟಿಸಿದ ಮೇಲೆ ಈ ಶಸ್ತ್ರಕ್ರಿಯೆ ವ್ಯಾಪಕವಾಗಿ ಬಳಕೆಗೆ ಬಂದಿತು.

ಆಯುರ್ಗಣನೆಯ ತಳಹದಿ ಬಿದ್ದದ್ದು ಅದಕ್ಕಿಂತ ಸ್ವಲ್ಪ ಮೊದಲು. ೧೯೪೬ರಲ್ಲಿ ಬಾಲ್ಟಿಮೋರಿನ ಹ್ಯೂ ಜ್ಯೂವೆಟ್ ಮತ್ತು ಜಾರ್ಜ್ ಸ್ಟ್ರಾಂಗ್ ಎಂಬ ವೈದ್ಯರು ಈ ರೋಗದಿಂದ ಮೃತರಾದ ೧೦೭ ಮಂದಿಯ ಶವಪರೀಕ್ಷೆಯ ವರದಿಗಳನ್ನು ಪರಿಶೀಲಿಸಿದರು. ಗೆಡ್ಡೆಯು ಒಳಪೊರೆಯ ಕೆಳಗಿನ ಪದರದಲ್ಲಿಯೇ ನಿಂತಿದ್ದವರು ೩ ಮಂದಿ. ಅವರಲ್ಲಿ ಯಾರಿಗೂ ರೋಗ ಹೊರಗೆ ಹರಡಿರಲಿಲ್ಲ. ಸ್ನಾಯುವಿನಲ್ಲಿದ್ದ ೧೫ ಮಂದಿಯಲ್ಲಿ ಶೇಕಡಾ ೧೩ರಷ್ಟು ಹರಡಿತ್ತು. ಸ್ನಾಯುವನ್ನು ದಾಟಿದ್ದ ೮೯ ಮಂದಿಯಲ್ಲಿ ಅದು ಶೇಕಡಾ ೭೪ಕ್ಕೆ ಏರಿತ್ತು. ಸಂಖ್ಯೆಗಳು ಚಿಕ್ಕವು, ಮೊದಲ ಗುಂಪಂತೂ ಲೆಕ್ಕಕ್ಕೇ ಸಾಲದು. ಆದರೂ ಗೆಡ್ಡೆಯ ಅಗಲಕ್ಕಿಂತ ಅದು ಇಳಿದಿರುವ ಆಳವು ರೋಗಿಯ ಭವಿಷ್ಯವನ್ನು ಹೆಚ್ಚು ನಿರ್ಧರಿಸುತ್ತದೆ ಎಂಬ ಅಂದಿನ ನಿರ್ಣಯ ಇಂದಿಗೂ ಅಲುಗಾಡಿಲ್ಲ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಟಿ.ಎನ್.ಎಂ. ವರ್ಗೀಕರಣವು ಗೆಡ್ಡೆಯ ಆಳ, ದುಗ್ಧಗ್ರಂಥಿಗಳ ಸ್ಥಿತಿ, ದೂರದ ಅಂಗಗಳಿಗೆ ಹರಡುವಿಕೆ ಎಂಬ ಮೂರನ್ನು ಆಧರಿಸಿದೆ.

ಆಳವನ್ನು ಅಳೆದಂತೆ ಕಾಲವನ್ನು ಅಳೆಯುವುದು ಸುಲಭವಲ್ಲ. ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೊಳಗಾದವರೆಲ್ಲ ಒಂದೇ ದಿನ ಬಂದವರಲ್ಲ. ಲೆಕ್ಕ ಹಾಕುವ ದಿನಕ್ಕೆ ಕೆಲವರು ಹತ್ತು ವರ್ಷ ಕಳೆದಿರುತ್ತಾರೆ, ಕೆಲವರು ಒಂದೇ ವರ್ಷ. ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ೧೦೦ ರೋಗಿಗಳಲ್ಲಿ ಮೊದಲ ವರ್ಷ ೨೦ ಮಂದಿ ತೀರಿಕೊಂಡರು. ಉಳಿದ ೮೦ರಲ್ಲಿ ೨೦ ಮಂದಿ ಇದೀಗ ತಾನೇ ಒಂದು ವರ್ಷ ಮುಗಿಸಿದ್ದಾರೆ; ಅವರ ಎರಡನೆಯ ವರ್ಷ ಇನ್ನೂ ಯಾರಿಗೂ ತಿಳಿಯದು. ಎರಡನೆಯ ವರ್ಷವನ್ನು ಪೂರ್ಣವಾಗಿ ಕಂಡದ್ದು ೬೦ ಮಂದಿಯಲ್ಲಿ. ಅವರಲ್ಲಿ ೬ ಮಂದಿ ತೀರಿಕೊಂಡರು. ಹಾಗಾದರೆ ಎರಡು ವರ್ಷ ಬದುಕುವವರು ನೂರಕ್ಕೆ ಎಷ್ಟು? ಹೊಸಬರನ್ನು ಪೂರಾ ಬಿಟ್ಟುಬಿಟ್ಟರೆ ಶೇಕಡಾ ೬೭.೫, ಅವರೆಲ್ಲ ಬದುಕುತ್ತಾರೆಂದೇ ಹಿಡಿದರೆ ಶೇಕಡಾ ೭೪. ಎರಡೂ ಸರಿಯಲ್ಲ. ಮೊದಲ ವರ್ಷ ದಾಟಿದವರ ಪ್ರಮಾಣ ೦.೮, ಅದನ್ನು ದಾಟಿದವರಲ್ಲಿ ಎರಡನೆಯದನ್ನೂ ದಾಟಿದವರ ಪ್ರಮಾಣ ೦.೯, ಇವೆರಡನ್ನೂ ಗುಣಿಸಿದರೆ ೦.೭೨, ಅಂದರೆ ಶೇಕಡಾ ೭೨. ಹೀಗೆ ಪ್ರತಿಯೊಂದು ಮರಣದ ಸಂದರ್ಭದಲ್ಲಿಯೂ ಪ್ರಮಾಣಗಳನ್ನು ಗುಣಿಸುತ್ತಾ ಹೋಗುವ ಕ್ರಮವನ್ನು ೧೯೫೮ರಲ್ಲಿ ಎಡ್ವರ್ಡ್ ಕ್ಯಾಪ್ಲನ್ ಮತ್ತು ಪಾಲ್ ಮೈಯರ್ ಶಾಸ್ತ್ರಬದ್ಧಗೊಳಿಸಿದರು. ಇಬ್ಬರೂ ಪರಸ್ಪರ ಅರಿಯದೆ ಒಂದೇ ವಿಷಯದ ಮೇಲೆ ಪ್ರಬಂಧ ಬರೆದಿದ್ದು, ಪತ್ರಿಕೆಯ ಸಂಪಾದಕರ ಸಲಹೆಯಂತೆ ಎರಡನ್ನೂ ಒಂದುಗೂಡಿಸಿದರೆಂಬುದು ಸ್ವಾರಸ್ಯಕರ. ೧೯೭೨ರಲ್ಲಿ ಲಂಡನ್ನಿನ ಡೇವಿಡ್ ಕಾಕ್ಸ್ ವಯಸ್ಸು, ರೋಗದ ಹಂತ ಮುಂತಾದ ಹಲವು ಕಾರಣಗಳ ಪ್ರಭಾವವನ್ನು ಏಕಕಾಲದಲ್ಲಿ ತೂಗಿ ನೋಡುವ ಸೂತ್ರವನ್ನು ರೂಪಿಸಿದನು. ಈಚಿನ ಗಣನೆಗಳಲ್ಲಿ ಬಹುಪಾಲು ಈ ಎರಡು ಕಂಬಗಳ ಮೇಲೆಯೇ ನಿಂತಿವೆ.

ಈ ಕ್ರಮದಲ್ಲಿ ನಡೆದ ಅಧ್ಯಯನಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು ಪ್ರಖ್ಯಾತವಾದುದು. ೧೯೭೧ರಿಂದ ೧೯೯೭ರವರೆಗೆ ಅಲ್ಲಿ ಮೂತ್ರಾಶಯವನ್ನು ತೆಗೆಸಿಕೊಂಡ ೧೦೫೪ ರೋಗಿಗಳ ವೃತ್ತಾಂತ ೨೦೦೧ರಲ್ಲಿ ಪ್ರಕಟವಾಯಿತು. ದುಗ್ಧಗ್ರಂಥಿಗಳು ಶುದ್ಧವಾಗಿದ್ದು ಗೆಡ್ಡೆಯು ಸ್ನಾಯುವಿನ ಮೇಲರ್ಧದಲ್ಲಿಯೇ ನಿಂತಿದ್ದವರಲ್ಲಿ ಶೇಕಡಾ ೮೯ ಮಂದಿಗೆ ೫ ವರ್ಷಗಳವರೆಗೆ ರೋಗ ಮರುಕಳಿಸಲಿಲ್ಲ. ಸ್ನಾಯುವಿನ ಕೆಳಭಾಗಕ್ಕೆ ಇಳಿದಿದ್ದರೆ ಇದು ೭೮, ಕೊಬ್ಬಿಗೆ ದಾಟಿದ್ದರೆ ೬೨, ನೆರೆಯ ಅಂಗಗಳನ್ನು ಹಿಡಿದಿದ್ದರೆ ೫೦. ದುಗ್ಧಗ್ರಂಥಿಗಳಲ್ಲಿ ರೋಗವಿದ್ದವರಲ್ಲಿ ಕೇವಲ ೩೫. ಆದರೂ ಈ ಕಡೆಯ ಅಂಕಿ ನಿರಾಶೆಯನ್ನಷ್ಟೇ ಹೇಳುವುದಿಲ್ಲ. ಹತ್ತು ವರ್ಷಗಳ ಕೊನೆಯಲ್ಲಿಯೂ ಅದು ೩೪ ಆಗಿಯೇ ಉಳಿದಿತ್ತು. ಮರುಕಳಿಸುವ ರೋಗವು ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲಿಯೇ ಮರುಕಳಿಸುತ್ತದೆ. ಈ ಅಧ್ಯಯನದಲ್ಲಿ ಮರುಕಳಿಕೆಯ ಕಾಲದ ಮಧ್ಯಾಂಕ ೧೨ ತಿಂಗಳು. ಆದ್ದರಿಂದ ಶಸ್ತ್ರಕ್ರಿಯೆಯ ದಿನ ಹೇಳಿದ ಅಂಕಿಯನ್ನು ಮೂರು ವರ್ಷ ಆರೋಗ್ಯದಿಂದ ಕಳೆದ ರೋಗಿಗೆ ಹಾಗೆಯೇ ಹೇಳುವುದು ತಪ್ಪಾಗುತ್ತದೆ. ಅವನ ಲೆಕ್ಕ ಅಂದಿನಿಂದ ಹೊಸದಾಗಿ, ಮೊದಲಿಗಿಂತ ಉತ್ತಮವಾಗಿ ಆರಂಭವಾಗುತ್ತದೆ.

ಇದೇ ಅಧ್ಯಯನದಲ್ಲಿ ಗಮನಿಸಬೇಕಾದ ಮತ್ತೊಂದು ಸಂಗತಿಯುಂಟು. ಎಲ್ಲ ರೋಗಿಗಳನ್ನೂ ಸೇರಿಸಿದರೆ ೧೦ ವರ್ಷ ರೋಗ ಮರುಕಳಿಸದೆ ಉಳಿದವರು ಶೇಕಡಾ ೬೬. ಆದರೆ ಬದುಕಿದ್ದವರು ಶೇಕಡಾ ೪೩ ಮಾತ್ರ. ಈ ಅಂತರಕ್ಕೆ ಮುಖ್ಯ ಕಾರಣ ಕ್ಯಾನ್ಸರ್ ಅಲ್ಲ. ಇದು ಬಹುಮಟ್ಟಿಗೆ ವೃದ್ಧರ ರೋಗ. ತಂಬಾಕು ಸೇವಿಸಿದವರ ಹೃದಯ, ಶ್ವಾಸಕೋಶಗಳೂ ಜೀರ್ಣವಾಗಿರುತ್ತವೆ. ರೋಗ ಗುಣವಾದ ಮೇಲೂ ಬೇರೆ ಕಾರಣಗಳಿಂದ ಮರಣ ಬರುತ್ತದೆ. "ಎಷ್ಟು ಕಾಲ ಬದುಕುತ್ತೇನೆ?" ಎಂಬ ಪ್ರಶ್ನೆಗೂ "ಈ ರೋಗ ಮತ್ತೆ ಬರುವುದೇ?" ಎಂಬ ಪ್ರಶ್ನೆಗೂ ಉತ್ತರ ಬೇರೆ ಬೇರೆ. ಯಾವುದಕ್ಕೆ ಉತ್ತರ ಹೇಳುತ್ತಿರುವೆನೆಂಬುದು ವೈದ್ಯನಿಗೆ ಸ್ಪಷ್ಟವಿರಬೇಕು.

ಆಳ, ಗ್ರಂಥಿಗಳೆರಡನ್ನೇ ನೋಡದೆ ವಯಸ್ಸು, ಲಿಂಗ, ಕೋಶಗಳ ಉಗ್ರತೆ, ಗೆಡ್ಡೆಯ ಜಾತಿ, ರೋಗ ಪತ್ತೆಯಾದ ದಿನದಿಂದ ಶಸ್ತ್ರಕ್ರಿಯೆಯವರೆಗಿನ ವಿಳಂಬ ಇವುಗಳನ್ನೂ ಕೂಡಿಸಿ ಅಂಕ ಕೊಡುವ ಕೋಷ್ಟಕವೊಂದು ೨೦೦೬ರಲ್ಲಿ ಹೊರಬಂದಿತು. ಹಲವು ದೇಶಗಳ ೧೨ ಕೇಂದ್ರಗಳ ೯೦೦೦ಕ್ಕೂ ಹೆಚ್ಚು ರೋಗಿಗಳ ವಿವರಗಳು ಅದಕ್ಕೆ ಆಧಾರ. ಇಂತಹ ಕೋಷ್ಟಕದ ಸಾಮರ್ಥ್ಯವನ್ನು ಅಳೆಯುವ ಬಗೆ ಸರಳ: ಇಬ್ಬರು ರೋಗಿಗಳನ್ನು ಆರಿಸಿ, ಯಾರಿಗೆ ರೋಗ ಮೊದಲು ಮರುಕಳಿಸುವುದೆಂದು ಅದನ್ನು ಕೇಳುವುದು. ನಾಣ್ಯ ಚಿಮ್ಮಿ ಹೇಳಿದರೂ ಅರ್ಧದಷ್ಟು ಸಲ ಸರಿಯಾಗುತ್ತದೆ, ಅಂದರೆ ೦.೫. ಟಿ.ಎನ್.ಎಂ. ವರ್ಗೀಕರಣವೊಂದರಿಂದಲೇ ಹೇಳಿದರೆ ೦.೬೮, ಈ ಕೋಷ್ಟಕದಿಂದ ೦.೭೫. ಇದು ನಿಜವಾದ ಮುನ್ನಡೆ. ಆದರೆ ನಾಲ್ಕು ಜೋಡಿಗಳಲ್ಲಿ ಒಂದರ ವಿಷಯದಲ್ಲಿ ಉತ್ತಮ ಕೋಷ್ಟಕವೂ ತಪ್ಪುತ್ತದೆಂಬುದನ್ನು ಮರೆಯಲಾಗದು.

ಅಂಕಿಗಳನ್ನು ಹೋಲಿಸುವಾಗ ಮತ್ತೊಂದು ಎಚ್ಚರ ಅಗತ್ಯ. ಶಾಲೆಯ ಮೇಲ್ವಿಭಾಗದಲ್ಲಿ ೫೦, ೭೦, ೮೦, ೯೦ ಅಂಕಗಳ ನಾಲ್ವರು, ಕೆಳವಿಭಾಗದಲ್ಲಿ ೨೦, ೩೦, ೪೦ ಅಂಕಗಳ ಮೂವರು ವಿದ್ಯಾರ್ಥಿಗಳಿರುವರೆನ್ನಿ. ಸರಾಸರಿಗಳು ೭೨.೫ ಮತ್ತು ೩೦. ೫೦ ಅಂಕದವನನ್ನು ಕೆಳವಿಭಾಗಕ್ಕೆ ಕಳುಹಿಸಿದರೆ ಸರಾಸರಿಗಳು ೮೦ ಮತ್ತು ೩೫ ಆಗುತ್ತವೆ. ಎರಡು ವಿಭಾಗಗಳೂ ಸುಧಾರಿಸಿದವು. ಒಬ್ಬನಾದರೂ ಹೆಚ್ಚಿಗೆ ಕಲಿಯಲಿಲ್ಲ! ಕ್ಯಾನ್ಸರಿನ ಲೆಕ್ಕದಲ್ಲಿ ಇಂತಹ ಭ್ರಮೆ ನುಸುಳುವುದನ್ನು ಯೇಲ್ ವಿಶ್ವವಿದ್ಯಾಲಯದ ಆಲ್ವನ್ ಫೈನ್‌ಸ್ಟೈನ್ ಮತ್ತು ಸಹೋದ್ಯೋಗಿಗಳು ೧೯೮೫ರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಉದಾಹರಣೆಯಿಂದ ತೋರಿಸಿದರು. ಮೂತ್ರಾಶಯದ ವಿಷಯದಲ್ಲಿಯೂ ಶಸ್ತ್ರವೈದ್ಯನು ಹೆಚ್ಚು ದುಗ್ಧಗ್ರಂಥಿಗಳನ್ನು ತೆಗೆದು, ಪರೀಕ್ಷಕನು ಶ್ರದ್ಧೆಯಿಂದ ಹುಡುಕಿದಷ್ಟೂ ಗುಪ್ತವಾಗಿದ್ದ ರೋಗ ಹೊರಬೀಳುತ್ತದೆ. ಆಗ "ಶುದ್ಧ"ರ ಗುಂಪಿನಲ್ಲಿದ್ದ ದುರ್ಬಲರು ಇನ್ನೊಂದು ಗುಂಪಿಗೆ ಸೇರುತ್ತಾರೆ, ಎರಡರ ಫಲಿತಾಂಶವೂ ಏರಿದಂತೆ ಕಾಣುತ್ತದೆ.

ದೇಶಭೇದವೂ ಅಲ್ಪವಲ್ಲ. ಈಜಿಪ್ಟಿನ ನೈಲ್ ನದೀಮುಖಜಭೂಮಿಯಲ್ಲಿ ನೀರಿನಿಂದ ದೇಹಕ್ಕೆ ಸೇರುವ ಬಿಲ್ಹಾರ್ಜಿಯಾ ಎಂಬ ಪರೋಪಜೀವಿ ಹುಳು ಮೂತ್ರಾಶಯದ ಕ್ಯಾನ್ಸರಿಗೆ ಕಾರಣವಾಗಿತ್ತು. ಅಲ್ಲಿನ ಮನ್ಸೂರಾ ಕೇಂದ್ರದಿಂದ ೧೯೯೭ರಲ್ಲಿ ವರದಿಯಾದ ೧೦೨೬ ಶಸ್ತ್ರಕ್ರಿಯೆಗಳಲ್ಲಿ ಶೇಕಡಾ ೫೯ ಬೇರೊಂದು ಜಾತಿಯ ಗೆಡ್ಡೆಗಳು, ಅಂದರೆ ಸ್ಕ್ವಾಮಸ್ ಕೋಶಗಳವು. ೫ ವರ್ಷ ರೋಗಮುಕ್ತರಾಗಿ ಉಳಿದವರು ಶೇಕಡಾ ೪೮. ಕ್ಯಾಲಿಫೋರ್ನಿಯಾದ ಲೆಕ್ಕವನ್ನು ಅಲ್ಲಿನ ರೈತನ ಮುಂದಿಟ್ಟಿದ್ದರೆ ಅದು ಅವನಿಗೆ ಸಂಬಂಧಿಸಿದ್ದಾಗುತ್ತಿರಲಿಲ್ಲ.

ಇಷ್ಟೆಲ್ಲ ಗಣನೆ ಕೇವಲ ಕುತೂಹಲಕ್ಕಾಗಿ ಅಲ್ಲ. ಯಾರಿಗೆ ಹೆಚ್ಚಿನ ಔಷಧ ಬೇಕು, ಯಾರನ್ನು ಅದರ ಬಾಧೆಯಿಂದ ಉಳಿಸಬಹುದು ಎಂಬ ತೀರ್ಮಾನ ಇದನ್ನು ಅವಲಂಬಿಸಿದೆ. ೨೦೦೩ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಶಸ್ತ್ರಕ್ರಿಯೆಗೆ ಮೊದಲೇ ಕೀಮೋಥೆರಪಿ ಪಡೆದವರ ಬದುಕಿನ ಮಧ್ಯಾಂಕ ೭೭ ತಿಂಗಳು, ಪಡೆಯದವರದು ೪೬. ೨೦೨೧ರಲ್ಲಿ, ಮರುಕಳಿಕೆಯ ಭಯ ಹೆಚ್ಚಿರುವವರಿಗೆ ಶಸ್ತ್ರಕ್ರಿಯೆಯ ನಂತರ ನಿವೊಲುಮಾಬ್ ಎಂಬ ರೋಗನಿರೋಧಶಕ್ತಿಯನ್ನು ಎಚ್ಚರಿಸುವ ಔಷಧವನ್ನು ಕೊಟ್ಟಾಗ ರೋಗರಹಿತ ಕಾಲದ ಮಧ್ಯಾಂಕ ೧೦.೮ ತಿಂಗಳಿಂದ ೨೦.೮ಕ್ಕೆ ಏರಿತು. ೨೦೨೪ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೀಮೋಥೆರಪಿಯೊಡನೆ ಡುರ್ವಾಲುಮಾಬ್ ಪಡೆದವರಲ್ಲಿ ೨ ವರ್ಷದ ಕೊನೆಗೆ ಶೇಕಡಾ ೮೨.೨ ಮಂದಿ ಬದುಕಿದ್ದರು. ಕೀಮೋಥೆರಪಿಯೊಂದನ್ನೇ ಪಡೆದವರಲ್ಲಿ ೭೫.೨. ಹೀಗಾಗಿ ೧೯೯೭ಕ್ಕೆ ಮುಗಿದ ಲೆಕ್ಕದಿಂದ ಇಂದಿನ ರೋಗಿಯ ಆಯುಷ್ಯವನ್ನು ಅಳೆದರೆ ಅವನಿಗೆ ಅನ್ಯಾಯವಾಗಬಹುದು. ಔಷಧವು ಬದಲಾದಂತೆ ಕೋಷ್ಟಕವೂ ಹಳೆಯದಾಗುತ್ತದೆ.

ನಮ್ಮ ನಾಡಿನ ರೋಗಿಗೆ ನಮ್ಮ ನಾಡಿನ ಲೆಕ್ಕವೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ ೧೯೮೨ರಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಆರಂಭವಾದ ಕ್ಯಾನ್ಸರ್ ದಾಖಲಾತಿಯು ಈ ದಿಸೆಯಲ್ಲಿ ಮಹತ್ತ್ವದ ಹೆಜ್ಜೆ. ಇಲ್ಲಿನ ಕಷ್ಟ ಗಣಿತದ್ದಲ್ಲ. ಶಸ್ತ್ರಕ್ರಿಯೆಯಾದ ರೋಗಿ ದೂರದ ಹಳ್ಳಿಗೆ ಹಿಂದಿರುಗಿದ ಮೇಲೆ ಮರುಪರೀಕ್ಷೆಗೆ ಬಾರದೆ ಹೋಗುತ್ತಾನೆ. ಮರಣಪತ್ರದಲ್ಲಿ ಅನೇಕ ವೇಳೆ ಕಾರಣವೇ ಇರುವುದಿಲ್ಲ. ಕಾಣೆಯಾದವರೂ ಕಂಡವರಂತೆಯೇ ಬದುಕಿರುವರೆಂದು ಕ್ಯಾಪ್ಲನ್-ಮೈಯರ್ ಕ್ರಮವು ಭಾವಿಸುತ್ತದೆ. ಆದರೆ ಬಾರದವನು ಗುಣಮುಖನಾದ್ದರಿಂದ ಬರಲಿಲ್ಲವೋ, ಬರಲು ಶಕ್ತಿಯಿಲ್ಲದೆ ಬರಲಿಲ್ಲವೋ ಎಂಬುದನ್ನು ಯಾವ ಸೂತ್ರವೂ ಹೇಳಲಾರದು. ಆದ್ದರಿಂದಲೇ ಭಾರತದ ದಾಖಲಾತಿ ಕೇಂದ್ರಗಳ ಸಿಬ್ಬಂದಿ ಪತ್ರ ಬರೆದು, ದೂರವಾಣಿಯಲ್ಲಿ ವಿಚಾರಿಸಿ, ಅದೂ ಆಗದಿದ್ದಾಗ ವಿಳಾಸ ಹುಡುಕಿಕೊಂಡು ಮನೆಯ ಬಾಗಿಲಿಗೇ ಹೋಗಿ, ರೋಗಿಯು ಹೇಗಿದ್ದಾನೆಂದು ಕೇಳಿ ಬರೆದುಕೊಳ್ಳುತ್ತಾರೆ.