ಫೈಲು ಒಂದೇ ಕಡೆ, ಫೋಲ್ಡರು ಹಲವು

ಪ್ರೌಢಶಾಲೆಯ ಮೇಷ್ಟರೊಬ್ಬರು ಎಂಟನೇ ತರಗತಿಯ ವಿಜ್ಞಾನದ ಎಫ್‌ಎ-1 ಪ್ರಶ್ನೆಪತ್ರಿಕೆ ಟೈಪ್ ಮಾಡಿ ‘ಸೇವ್’ ಒತ್ತುತ್ತಾರೆ ಎನ್ನೋಣ. ಎಲ್ಲಿ ಇಡಲಿ ಎಂದು ಕಂಪ್ಯೂಟರು ಕೇಳುತ್ತದೆ. ‘ಎಂಟನೇ ತರಗತಿ’ಯಲ್ಲೋ, ‘ವಿಜ್ಞಾನ’ದಲ್ಲೋ, ‘ಎಫ್‌ಎ’ಯಲ್ಲೋ, ‘2025-26’ರಲ್ಲೋ? ನಾಲ್ಕೂ ಸರಿಯೇ. ಅವಸರದಲ್ಲಿದ್ದ ಮೇಷ್ಟರು ಡೆಸ್ಕ್‌ಟಾಪ್ ಮೇಲೆ ಇಟ್ಟು ಎದ್ದುಬಿಡುತ್ತಾರೆ. ಮರುದಿನ ತಿದ್ದಿದ ಪ್ರತಿ ಡಿ ಡ್ರೈವಿಗೆ ಹೋಗುತ್ತದೆ, ಇನ್ನೊಂದು ಡೌನ್‌ಲೋಡ್ಸ್‌ನಲ್ಲಿ ಉಳಿಯುತ್ತದೆ. ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಎಂದು ಹೆಸರುಗಳು ಬೆಳೆಯುತ್ತವೆ. ಪರೀಕ್ಷೆಯ ಹಿಂದಿನ ಸಂಜೆ ಜೆರಾಕ್ಸ್ ಅಂಗಡಿಯ ಮುಂದೆ ನಿಂತಾಗ ಯಾವುದು ನಿಜವಾದ ಫೈನಲ್ ಎಂಬುದು ಮೇಷ್ಟರಿಗೇ ಹೊಳೆಯುವುದಿಲ್ಲ.

ಫೈಲು ಒಂದೇ ಜಾಗದಲ್ಲಿರಲಿ, ಆದರೆ ತರಗತಿಯ ಲೆಕ್ಕದಲ್ಲೂ ವಿಷಯದ ಲೆಕ್ಕದಲ್ಲೂ ಕೈಗೆ ಸಿಗಲಿ ಎಂಬ ಬೇಡಿಕೆಗೆ ಸಿಕ್ಕ ಉತ್ತರವೇ ವರ್ಚುಯಲ್ ಫೋಲ್ಡರ್. ಪಾರಿಭಾಷಿಕ ಪದ ಕೊಡುವವರು ಇದಕ್ಕೆ ‘ಮಿಥ್ಯಾ ಕೋಶ’ ಎನ್ನುವುದುಂಟು. ಆದರೆ ಅದರಲ್ಲಿ ಕಾಣುವ ಫೈಲುಗಳು ಖಂಡಿತ ಮಿಥ್ಯವಲ್ಲ. ಈ ಮಾತು ಮುಂದೆ ‘ಡಿಲೀಟ್’ ಒತ್ತುವ ಹೊತ್ತಿಗೆ ಬಹಳ ಮುಖ್ಯವಾಗುತ್ತದೆ.

ಮನೆ ಮತ್ತು ಪಟ್ಟಿ

ಮನುಷ್ಯ ವಾಸಿಸುವುದು ಒಂದೇ ಮನೆಯಲ್ಲಿ. ಆದರೆ ಅವನ ಹೆಸರು ಮತದಾರರ ಪಟ್ಟಿಯಲ್ಲಿರುತ್ತದೆ, ಪಡಿತರ ಚೀಟಿಯಲ್ಲಿರುತ್ತದೆ, ಸಹಕಾರ ಸಂಘದ ಸದಸ್ಯರ ಪುಸ್ತಕದಲ್ಲೂ ಇರುತ್ತದೆ. ಮಾಮೂಲಿ ಫೋಲ್ಡರು ಮನೆಯಿದ್ದಂತೆ, ವರ್ಚುಯಲ್ ಫೋಲ್ಡರು ಪಟ್ಟಿಯಿದ್ದಂತೆ. ಫೈಲು ತನ್ನ ಮನೆ ಬಿಟ್ಟು ಕದಲುವುದಿಲ್ಲ, ನಕಲೂ ಆಗುವುದಿಲ್ಲ, ಡಿಸ್ಕಿನಲ್ಲಿ ಎರಡು ಪಟ್ಟು ಜಾಗವನ್ನೂ ತಿನ್ನುವುದಿಲ್ಲ.

ಇಂಥ ಫೋಲ್ಡರನ್ನು ವಿಂಡೋಸ್ ಬಳಸುವ ಎಲ್ಲರೂ ದಿನವೂ ನೋಡುತ್ತಾರೆ: ರೀಸೈಕಲ್ ಬಿನ್. ಡೆಸ್ಕ್‌ಟಾಪ್ ಮೇಲೆ ಒಂದೇ ಕಸದ ಬುಟ್ಟಿ ಕಾಣುತ್ತದೆ. ಆದರೆ ಸಿ ಡ್ರೈವಿಗೆ ಒಂದು, ಡಿ ಡ್ರೈವಿಗೆ ಇನ್ನೊಂದು ಎಂದು ಒಳಗೆ ಅಡಗಿಸಿಟ್ಟ ಬೇರೆ ಬೇರೆ ಬುಟ್ಟಿಗಳಿವೆ. ಡಿ ಡ್ರೈವಿನ ಫೈಲನ್ನು ಅಳಿಸಿದರೆ ಅದು ಅದೇ ಡ್ರೈವಿನ ಬುಟ್ಟಿಗೆ ಹೋಗಿ ಬೀಳುತ್ತದೆ. ಬೀಳುವಾಗ ಅದರ ಹೆಸರೂ ಬದಲಾಗುತ್ತದೆ: ಡಾಲರ್ ಚಿಹ್ನೆ, ‘ಆರ್’ ಅಕ್ಷರ, ಆಮೇಲೆ ಅರ್ಥವಿಲ್ಲದ ಆರು ಅಕ್ಷರಗಳು. ಪಕ್ಕದಲ್ಲೇ ‘ಆರ್’ ಬದಲು ‘ಐ’ ಇರುವ ಪುಟ್ಟ ಫೈಲೊಂದು ಹುಟ್ಟಿಕೊಂಡು, ಹಳೆಯ ಹೆಸರು, ಮೊದಲು ಇದ್ದ ಜಾಗ, ಗಾತ್ರ, ಅಳಿಸಿದ ಹೊತ್ತು ಇಷ್ಟನ್ನೂ ಬರೆದಿಟ್ಟುಕೊಳ್ಳುತ್ತದೆ. ‘ರಿಸ್ಟೋರ್’ ಒತ್ತಿದಾಗ ಫೈಲು ದಾರಿ ತಪ್ಪದೆ ಹಳೆಯ ಮನೆಗೆ ಮರಳುವುದು ಈ ಚೀಟಿಯ ಬಲದಿಂದ. ಡಿ ಡ್ರೈವಿನಲ್ಲಿ ಏನೆಲ್ಲ ಅಳಿಸಿ ಬುಟ್ಟಿ ಖಾಲಿ ಮಾಡಿದರೂ, ಜಾಗ ತುಂಬಿದೆ ಎನ್ನುವ ಸಿ ಡ್ರೈವಿನ ಕೆಂಪು ಗೀಟು ಹಾಗೇ ಉಳಿಯುವುದಕ್ಕೆ ಡ್ರೈವಿಗೊಂದು ಬುಟ್ಟಿ ಇರುವುದೇ ಕಾರಣ.

ಎರಡು ಜಾತಿಯ ವರ್ಚುಯಲ್ ಫೋಲ್ಡರುಗಳು ಬಳಕೆದಾರರ ಕೈಯಲ್ಲಿವೆ. ‘ಈ ಐದು ಮನೆಗಳಲ್ಲಿ ಇರುವವರೆಲ್ಲ’ ಎನ್ನುವಂಥದು ಒಂದು; ವಿಂಡೋಸ್‌ನಲ್ಲಿ ಇದರ ಹೆಸರು ಲೈಬ್ರರಿ. ‘18 ತುಂಬಿದವರೆಲ್ಲ, ಯಾವ ಮನೆಯಲ್ಲಾದರೂ ಇರಲಿ’ ಎನ್ನುವಂಥದು ಇನ್ನೊಂದು. ವಿಂಡೋಸ್‌ನಲ್ಲಿ ಇದು ಸೇವ್ಡ್ ಸರ್ಚ್, ಮ್ಯಾಕ್‌ನಲ್ಲಿ ಸ್ಮಾರ್ಟ್ ಫೋಲ್ಡರ್. ಎರಡನೆಯದರಲ್ಲಿ ಉಳಿಯುವುದು ಬರೀ ಪ್ರಶ್ನೆ. ಫೋಲ್ಡರ್ ತೆರೆದಾಗಲೆಲ್ಲ ಹೊಸದಾಗಿ ಉತ್ತರ ಬರುತ್ತದೆ.

ವಿಚಾರ ಹಳೆಯದು. 1991ರಲ್ಲಿಯೇ ಅಮೆರಿಕದ ಎಂಐಟಿಯ ಡೇವಿಡ್ ಗಿಫರ್ಡ್ ಮತ್ತು ಸಂಗಡಿಗರು ಫೈಲಿನ ಗುಣಗಳನ್ನೇ ಫೋಲ್ಡರಿನ ಹೆಸರಾಗಿ ಬಳಸುವ ‘ಸೆಮ್ಯಾಂಟಿಕ್ ಫೈಲ್ ಸಿಸ್ಟಮ್’ ಬಗ್ಗೆ ಪ್ರಬಂಧ ಬರೆದಿದ್ದರು. ಅದೇ ದಶಕದಲ್ಲಿ ಬಂದ ಬಿಓಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಪ್ರತಿಯೊಂದು ಇ-ಮೇಲ್ ಒಂದೊಂದು ಫೈಲು. ಯಾರಿಂದ ಬಂತು, ಯಾವ ವಿಷಯ ಎಂಬುದೆಲ್ಲ ಆ ಫೈಲಿಗೆ ಅಂಟಿಸಿದ ಚೀಟಿ. ಅದರ ಫೈಲ್ ಸಿಸ್ಟಮ್ ಬರೆದವರಲ್ಲಿ ಒಬ್ಬರಾದ ಡೊಮಿನಿಕ್ ಜಂಪಾವೊಲೊ ಮುಂದೆ ಆಪಲ್ ಸೇರಿ ಸ್ಪಾಟ್‌ಲೈಟ್ ಹುಡುಕಾಟದ ಕೆಲಸದಲ್ಲಿ ತೊಡಗಿದರು. 2005ರ ಏಪ್ರಿಲ್‌ನಲ್ಲಿ ಬಂದ ಮ್ಯಾಕ್‌ನ ‘ಟೈಗರ್’ ಆವೃತ್ತಿ ಸ್ಪಾಟ್‌ಲೈಟ್ ಮತ್ತು ಸ್ಮಾರ್ಟ್ ಫೋಲ್ಡರ್ ಎರಡನ್ನೂ ಒಟ್ಟಿಗೆ ತಂದಿತು. ಮೈಕ್ರೋಸಾಫ್ಟ್ ವಿಂಡೋಸ್ ವಿಸ್ಟಾದಲ್ಲಿ ಸೇವ್ಡ್ ಸರ್ಚ್ ಕೊಟ್ಟು, 2009ರ ವಿಂಡೋಸ್ 7ರಲ್ಲಿ ಲೈಬ್ರರಿಗಳನ್ನು ಕೊಟ್ಟಿತು. ಆಮೇಲೆ 8.1ರಲ್ಲಿ ಅವನ್ನು ಎಡಗಡೆಯ ಪಟ್ಟಿಯಿಂದ ಮರೆಮಾಡಿತು. ತೆಗೆದುಹಾಕಲಿಲ್ಲ, ಅಷ್ಟೇ. ಹಾಗಾಗಿ ಮೊದಲ ಕೆಲಸ ಅವನ್ನು ಹೊರಗೆ ಕರೆಯುವುದು.

ಲೈಬ್ರರಿ ಕಟ್ಟುವುದು

ವಿಂಡೋಸ್ 10 ಅಥವಾ 11ರಲ್ಲಿ ವಿಂಡೋಸ್ ಕೀ ಜೊತೆ ‘ಇ’ ಒತ್ತಿ ಫೈಲ್ ಎಕ್ಸ್‌ಪ್ಲೋರರ್ ತೆರೆಯಬೇಕು. ಎಡಗಡೆಯ ಪಟ್ಟಿಯ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿದರೆ ‘ಶೋ ಲೈಬ್ರರೀಸ್’ ಎಂಬ ಆಯ್ಕೆ ಸಿಗುತ್ತದೆ. ಅದಕ್ಕೆ ಟಿಕ್ ಹಾಕಬೇಕು. ಈಗ ಪಟ್ಟಿಯಲ್ಲಿ ‘ಲೈಬ್ರರೀಸ್’ ಕಾಣುತ್ತದೆ.

ಅದರ ಮೇಲೆ ಬಲ ಕ್ಲಿಕ್ ಮಾಡಿ ‘ನ್ಯೂ’, ಅದರೊಳಗೆ ‘ಲೈಬ್ರರಿ’. ಹೆಸರು ಕೊಡುವುದು: ‘ಪ್ರಶ್ನೆಪತ್ರಿಕೆಗಳು’ ಎಂದು ಕನ್ನಡದಲ್ಲೇ ಕೊಡಬಹುದು. ತೆರೆದರೆ ಲೈಬ್ರರಿ ಖಾಲಿ ಎನ್ನುವ ಸೂಚನೆಯ ಕೆಳಗೆ ‘ಇನ್‌ಕ್ಲೂಡ್ ಎ ಫೋಲ್ಡರ್’ ಗುಂಡಿ ಇರುತ್ತದೆ. ಡಿ ಡ್ರೈವಿನ ಫೋಲ್ಡರನ್ನು ಆರಿಸುವುದು ಇಲ್ಲಿ.

ಎರಡನೆಯ, ಮೂರನೆಯ ಫೋಲ್ಡರು ಸೇರಿಸಲು ಲೈಬ್ರರಿಯ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ಗೆ ಹೋಗಿ ‘ಆ್ಯಡ್’ ಒತ್ತಬೇಕು. ಒಂದು ಲೈಬ್ರರಿಗೆ 50 ಫೋಲ್ಡರುಗಳವರೆಗೆ ಹಿಡಿಸುತ್ತವೆ. ಅದೇ ಪೆಟ್ಟಿಗೆಯಲ್ಲಿ ‘ಸೆಟ್ ಸೇವ್ ಲೊಕೇಶನ್’ ಎಂಬ ಗುಂಡಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ಲೈಬ್ರರಿಗೆ ನೇರವಾಗಿ ಸೇವ್ ಮಾಡಿದ ಫೈಲು ನಿಜವಾಗಿ ಯಾವ ಮನೆಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಅದೇ. ಅದನ್ನು ಡಿ ಡ್ರೈವಿನ ಫೋಲ್ಡರಿಗೆ ಹೊಂದಿಸಿಟ್ಟರೆ ಡೆಸ್ಕ್‌ಟಾಪ್ ಮೇಲಿನ ಸಂತೆ ಅರ್ಧ ಕರಗುತ್ತದೆ.

ಲೈಬ್ರರಿ ಎಂಬುದು ಕೊನೆಗೂ ಕೆಲವೇ ಕೆಬಿ ಗಾತ್ರದ ಒಂದು ಎಕ್ಸ್‌ಎಂಎಲ್ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದರೆ ಅದರಲ್ಲಿ ಇರುವುದು ಸೇರಿಸಿದ ಫೋಲ್ಡರುಗಳ ವಿಳಾಸ ಮತ್ತು ಒಂದಿಷ್ಟು ಸೂಚನೆ, ಅಷ್ಟೇ.

ಪ್ರಶ್ನೆಯನ್ನು ಉಳಿಸಿಡುವುದು

ಕಳೆದ ವಾರ ತಿದ್ದಿದ ಡಾಕ್ಯುಮೆಂಟುಗಳಷ್ಟೇ ಬೇಕು ಎನ್ನುವವರಿಗೆ ಸೇವ್ಡ್ ಸರ್ಚ್. ಎಕ್ಸ್‌ಪ್ಲೋರರ್‌ನಲ್ಲಿ ಬೇಕಾದ ಡ್ರೈವ್ ಅಥವಾ ಲೈಬ್ರರಿ ತೆರೆದು, ಬಲ ಮೂಲೆಯ ಹುಡುಕು ಪೆಟ್ಟಿಗೆಯಲ್ಲಿ ಪದ ಟೈಪ್ ಮಾಡಿ ಎಂಟರ್ ಒತ್ತಬೇಕು. ಆಗ ಮೇಲೆ ಮೂಡುವ ಆಯ್ಕೆಗಳಲ್ಲಿ ‘ಡೇಟ್ ಮಾಡಿಫೈಡ್’, ‘ಕೈಂಡ್’, ‘ಸೈಜ್’ ಇರುತ್ತವೆ. ಅವುಗಳಿಂದ ಬಲೆಯನ್ನು ಬಿಗಿ ಮಾಡಬಹುದು. ವಿಂಡೋಸ್ 10ರಲ್ಲಿ ಅಲ್ಲೇ ಪಕ್ಕದಲ್ಲಿ ‘ಸೇವ್ ಸರ್ಚ್’ ಗುಂಡಿ ಇದೆ. 11ರಲ್ಲಿ ಫಲಿತಾಂಶದ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ ಅದೇ ಆಯ್ಕೆಯನ್ನು ಹುಡುಕಬೇಕು. ಉಳಿಸಿದ್ದೆಲ್ಲ ಬಳಕೆದಾರರ ಹೆಸರಿನ ಫೋಲ್ಡರಿನೊಳಗಿನ ‘ಸರ್ಚಸ್’ಗೆ ಸೇರುತ್ತದೆ.

ಈ ವಿಷಯದಲ್ಲಿ ಮ್ಯಾಕ್ ಹೆಚ್ಚು ನಯ. ಫೈಂಡರ್‌ನ ‘ಫೈಲ್’ ಮೆನುವಿನಲ್ಲಿ ‘ನ್ಯೂ ಸ್ಮಾರ್ಟ್ ಫೋಲ್ಡರ್’ ಆರಿಸಿ, ಬಲಗಡೆಯ ಪ್ಲಸ್ ಒತ್ತಿದರೆ ಷರತ್ತಿನ ಸಾಲು ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಇನ್ನೊಂದು. ಆಪ್ಷನ್ ಕೀ ಹಿಡಿದು ಒತ್ತಿದರೆ ‘ಇವುಗಳಲ್ಲಿ ಯಾವುದಾದರೂ’, ‘ಇವು ಯಾವುದೂ ಅಲ್ಲ’ ಎಂಬಂಥ ಒಳಷರತ್ತುಗಳೂ ಸಿಗುತ್ತವೆ. ‘ಸೇವ್’ ಮಾಡುವಾಗ ‘ಆ್ಯಡ್ ಟು ಸೈಡ್‌ಬಾರ್’ಗೆ ಟಿಕ್ ಇದ್ದರೆ ಫೋಲ್ಡರು ಪಕ್ಕದಲ್ಲೇ ನಿಲ್ಲುತ್ತದೆ.

ಸಾವಿರಾರು ಫೈಲುಗಳಿದ್ದರೂ ಉತ್ತರ ಕ್ಷಣದಲ್ಲಿ ಬರುವುದು ಹೇಗೆ? ದಪ್ಪ ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಹಾಗೆ. ಕಂಪ್ಯೂಟರು ಬಿಡುವಾಗಿದ್ದಾಗ ಫೈಲುಗಳನ್ನು ಓದಿ ಯಾವ ಪದ ಎಲ್ಲೆಲ್ಲಿದೆ ಎಂದು ಸೂಚಿ ತಯಾರಿಸಿಕೊಂಡಿರುತ್ತದೆ. ಸೂಚಿಯಲ್ಲಿ ಇಲ್ಲದ ಜಾಗದಲ್ಲಿ ಹುಡುಕು ಎಂದರೆ ಹಸಿರು ಗೀಟು ಎಳೆಯುತ್ತಾ ಒಂದೊಂದೇ ಫೋಲ್ಡರು ತಡಕಬೇಕಾಗುತ್ತದೆ. ವಿಂಡೋಸ್ ತಾನಾಗಿ ಸೂಚಿ ಮಾಡುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್‌ನಂಥ ಕೆಲವೇ ಜಾಗಗಳಿಗೆ. ಫೋಲ್ಡರನ್ನು ಲೈಬ್ರರಿಗೆ ಸೇರಿಸಿದರೆ ಅದೂ ಸೂಚಿಗೆ ಸೇರುತ್ತದೆ. ಇಡೀ ಕಂಪ್ಯೂಟರಿಗೇ ಸೂಚಿ ಬೇಕೆಂದರೆ ಸೆಟ್ಟಿಂಗ್ಸ್‌ನ ‘ಸರ್ಚಿಂಗ್ ವಿಂಡೋಸ್’ನಲ್ಲಿ ‘ಕ್ಲಾಸಿಕ್’ ಬದಲು ‘ಎನ್‌ಹಾನ್ಸ್ಡ್’ ಆರಿಸಬೇಕು. ಮೊದಲ ಸಲ ಸೂಚಿ ಆಗುವಾಗ ಹಳೆಯ ಲ್ಯಾಪ್‌ಟಾಪ್ ಬಿಸಿಯಾಗಿ ಏದುಸಿರು ಬಿಡುತ್ತದೆ. ಚಾರ್ಜರ್ ಹಾಕಿ ರಾತ್ರಿ ಬಿಟ್ಟರೆ ವಾಸಿ.

ಕನ್ನಡದ ಫೈಲು ಏಕೆ ಸಿಗುವುದಿಲ್ಲ?

ಇಷ್ಟೆಲ್ಲ ಮಾಡಿ ಮೇಷ್ಟರು ಹುಡುಕು ಪೆಟ್ಟಿಗೆಯಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಟೈಪ್ ಮಾಡುತ್ತಾರೆ. ಹತ್ತು ಪ್ರಶ್ನೆಪತ್ರಿಕೆಗಳಲ್ಲಿ ಆ ಪದ ಇರುವುದು ಅವರಿಗೆ ಖಾತ್ರಿ. ಬರುವುದು ಎರಡೇ.

ತಪ್ಪು ಸೂಚಿಯದ್ದಲ್ಲ, ಅಕ್ಷರದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಫೈಲು ಪರದೆಯ ಮೇಲೆ ಮಾತ್ರ ಕನ್ನಡ. ನುಡಿಯ ಹಳೆಯ ಶೈಲಿಯಲ್ಲಿ ‘ಕ’ ಎಂದು ಕಾಣುವುದರ ಒಳಗೆ ಇರುವುದು ಇಂಗ್ಲಿಷಿನ ದೊಡ್ಡ ‘ಪಿ’, ಅದರ ಮುಂದೆ ತಲೆಯ ಮೇಲೆ ಓರೆಗೀಟಿರುವ ‘ಎ’. ಮೊದಲನೆಯದು ‘ಕ’ದ ಒಡಲು, ಎರಡನೆಯದು ತಲೆಕಟ್ಟು. ಅನುಮಾನವಿದ್ದವರು ನಾಲ್ಕು ಸಾಲು ಆಯ್ದು ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಬಹುದು. ಅಕ್ಷರಗಳು ಕಲಸುಮೇಲೋಗರವಾದರೆ ಅದು ಹಳೆಯ ಸಂಕೇತದ ಫೈಲು. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಹುಡುಕು ಪೆಟ್ಟಿಗೆಯಲ್ಲಿ ಟೈಪ್ ಮಾಡಿದ ಯೂನಿಕೋಡ್ ಪದಕ್ಕೂ ಆ ಇಂಗ್ಲಿಷ್ ಅಕ್ಷರಗಳ ಗುಂಪಿಗೂ ಸಂಬಂಧವೇ ಇಲ್ಲ.

ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ವರ್ಷಗಟ್ಟಲೆಯ ಫೈಲುಗಳನ್ನು ಪರಿವರ್ತಿಸಿ ಒತ್ತಕ್ಷರಗಳನ್ನು ಮತ್ತೆ ಓದಿ ತಿದ್ದುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಆಗ ಫೈಲಿನ ಹೆಸರನ್ನು ಸರಿಪಡಿಸುವುದೇ ಸುಲಭದ ದಾರಿ. ಒಳಗಿನ ಪಠ್ಯ ಯಾವುದೇ ಇರಲಿ, ಹೆಸರನ್ನು ಯೂನಿಕೋಡ್‌ನಲ್ಲಿ ‘8 ವಿಜ್ಞಾನ ಎಫ್‌ಎ1 2025’ ಎಂದು ಪದ ಬಿಡಿಸಿ ಬರೆದರೆ ವರ್ಚುಯಲ್ ಫೋಲ್ಡರಿಗೆ ಹಿಡಿಯಲು ಜುಟ್ಟು ಸಿಗುತ್ತದೆ. ಬಿಡಿಸಿ ಬರೆಯುವುದಕ್ಕೂ ಕಾರಣ ಇದೆ: ವಿಂಡೋಸ್ ಸೂಚಿ ಪದವನ್ನು ಆರಂಭದಿಂದ ಹೋಲಿಸುತ್ತದೆ. ‘ಪ್ರಶ್ನೆಪತ್ರಿಕೆ’ ಎಂದು ಕೂಡಿಸಿ ಬರೆದಿದ್ದರೆ ‘ಪತ್ರಿಕೆ’ ಎಂದು ಹುಡುಕಿದಾಗ ಸಿಗದೆ ಹೋಗಬಹುದು. ಆಗ ಪದದ ಆರಂಭದಲ್ಲಿ ನಕ್ಷತ್ರ ಚಿಹ್ನೆ ಹಾಕಿ ಹುಡುಕಬೇಕಾಗುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಿಗೂ ಇದೇ ಮದ್ದು, ಏಕೆಂದರೆ ಅವುಗಳೊಳಗೆ ಅಕ್ಷರಗಳೇ ಇಲ್ಲ, ಬರೀ ಚಿತ್ರ.

ಅಳಿಸುವ ಮೊದಲು

ಮತದಾರರ ಪಟ್ಟಿಯ ಹೋಲಿಕೆ ಕೈಕೊಡುವುದು ಇಲ್ಲಿ. ಪಟ್ಟಿಯಿಂದ ಹೆಸರು ಹೊಡೆದರೆ ಮನುಷ್ಯ ಮನೆಯಲ್ಲಿ ಹಾಯಾಗಿಯೇ ಇರುತ್ತಾನೆ. ವರ್ಚುಯಲ್ ಫೋಲ್ಡರಿನಲ್ಲಿ ಕಂಡ ಫೈಲನ್ನು ಆಯ್ದು ಡಿಲೀಟ್ ಒತ್ತಿದರೆ ಅಳಿಯುವುದು ಹೆಸರಲ್ಲ, ಫೈಲೇ. ಲೈಬ್ರರಿ, ಸೇವ್ಡ್ ಸರ್ಚ್, ಸ್ಮಾರ್ಟ್ ಫೋಲ್ಡರ್ ಮೂರರಲ್ಲೂ ಹೀಗೆಯೇ. ಇದಕ್ಕೆ ವಿರುದ್ಧವಾಗಿ, ಇಡೀ ಲೈಬ್ರರಿಯನ್ನೋ ಸ್ಮಾರ್ಟ್ ಫೋಲ್ಡರನ್ನೋ ಅಳಿಸಿದರೆ ಒಂದು ಫೈಲೂ ಹೋಗುವುದಿಲ್ಲ, ಪಟ್ಟಿ ಮಾತ್ರ ಹೋಗುತ್ತದೆ. ದೊಡ್ಡದನ್ನು ಅಳಿಸಿದರೆ ನಷ್ಟವಿಲ್ಲ, ಚಿಕ್ಕದನ್ನು ಅಳಿಸಿದರೆ ನಷ್ಟ! ಲೈಬ್ರರಿಯಿಂದ ಒಂದು ಫೋಲ್ಡರನ್ನು ಬಿಡಿಸಬೇಕೆಂದರೆ ‘ಪ್ರಾಪರ್ಟೀಸ್’ಗೆ ಹೋಗಿ ‘ರಿಮೂವ್’ ಒತ್ತಬೇಕೇ ಹೊರತು ಕೀಬೋರ್ಡಿನ ಡಿಲೀಟ್ ಅಲ್ಲ. ಶಾಲೆಯ ನೆಟ್‌ವರ್ಕ್ ಫೋಲ್ಡರು ಲೈಬ್ರರಿಯಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಅಲ್ಲಿಂದ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೂ ಬರುವುದಿಲ್ಲ.

ಐಫೋನಿನ ಆಲ್ಬಮ್ಮುಗಳೂ ಪಟ್ಟಿಗಳೇ. ಆದರೆ ಅಲ್ಲಿ ಫೋಟೊ ಅಳಿಸಹೊರಟಾಗ ಆಲ್ಬಮ್ಮಿನಿಂದ ಮಾತ್ರ ತೆಗೆಯಲೋ, ಪೂರ್ತಿ ಅಳಿಸಲೋ ಎಂದು ಫೋನು ಕೇಳುತ್ತದೆ. ಈ ಒಂದು ಪ್ರಶ್ನೆಯನ್ನು ವಿಂಡೋಸ್ ಕೂಡ ಕೇಳಿದ್ದರೆ ಎಷ್ಟೋ ಮದುವೆ ಫೋಟೊಗಳು ಉಳಿಯುತ್ತಿದ್ದವು.

ಪೆನ್‌ಡ್ರೈವಿಗೆ ಹಾಕಿಕೊಳ್ಳುವಾಗಲೂ ಇದೇ ಗೊಂದಲ. ಸೇವ್ಡ್ ಸರ್ಚಿನ ಐಕಾನನ್ನೇ ಎಳೆದು ಪೆನ್‌ಡ್ರೈವಿಗೆ ಬಿಟ್ಟರೆ ಹೋಗುವುದು ಪ್ರಶ್ನೆ ಮಾತ್ರ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದಾಗ ಮೇಷ್ಟರ ಫೈಲುಗಳು ಕಾಣುವುದಿಲ್ಲ. ಫೋಲ್ಡರನ್ನು ತೆರೆದು, ಕಂಟ್ರೋಲ್ ಜೊತೆ ‘ಎ’ ಒತ್ತಿ ಎಲ್ಲ ಫೈಲುಗಳನ್ನು ಆಯ್ದು, ಕಾಪಿ ಮಾಡಿ ಪೇಸ್ಟ್ ಮಾಡಬೇಕು. ಆಗ ಬೇರೆ ಬೇರೆ ಮನೆಗಳಲ್ಲಿದ್ದ ಒಂದೇ ಹೆಸರಿನ ಎರಡು ‘ಫೈನಲ್’ಗಳು ಪೆನ್‌ಡ್ರೈವಿನಲ್ಲಿ ಮುಖಾಮುಖಿಯಾಗುತ್ತವೆ, ‘ರಿಪ್ಲೇಸ್ ಆರ್ ಸ್ಕಿಪ್’ ಪೆಟ್ಟಿಗೆ ಮೇಲೇಳುತ್ತದೆ. ಅವಸರದಲ್ಲಿ ‘ರಿಪ್ಲೇಸ್’ ಒತ್ತದೆ, ಕೆಳಗಿನ ಹೋಲಿಸಿ ನೋಡುವ ಆಯ್ಕೆಗೆ ಹೋಗಿ ಎರಡೂ ಬದಿಗೆ ಟಿಕ್ ಹಾಕಿದರೆ ಎರಡೂ ಉಳಿಯುತ್ತವೆ, ಒಂದರ ಹೆಸರಿನ ಮುಂದೆ 2 ಎಂಬ ಅಂಕಿ ಸೇರಿರುತ್ತದೆ. ತಿದ್ದಿದ ದಿನಾಂಕವೂ ಅಲ್ಲೇ ಎರಡರ ಪಕ್ಕ ಬರೆದಿರುತ್ತದೆ. ನಿಜವಾದ ಫೈನಲ್ ಯಾವುದೆಂದು ಮೇಷ್ಟರಿಗೆ ಗೊತ್ತಾಗುವುದು ಅದನ್ನು ಓದಿದಾಗ.