ತೋಟಾ ತುಂಬುವ ಮುನ್ನ

ತಮ್ಮಾ,

ಮೊನ್ನೆ ಹಾನಗಲ್ಲಿಗೆ ಬಂದಾಗ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಎಲ್ಕ್ ಬೇಟೆಯ ವಿಡಿಯೊ ತೋರಿಸಿದೆಯಲ್ಲ, ಅದಿನ್ನೂ ನನ್ನ ಕಣ್ಣಮುಂದೆ ಇದೆ. ಅಮೆರಿಕದ ಹಿಮದ ಗುಡ್ಡ, ಆಚೆ ದಿಬ್ಬದ ಮೇಲೆ ಮರದಂಥ ಕೊಂಬಿನ ಪ್ರಾಣಿ, ಈಚೆ ದುರ್ಬೀನು ಕೂಡಿಸಿದ ರೈಫಲ್ಲು. "ಕಾಕಾ, ಅಂಥಾದ್ದೊಂದು ತಗೊಂಡ್ರ ನಮ್ಮ ಗೋವಿನಜೋಳಕ್ಕ ಬರೋ ಹಂದಿ ಕಾಟ ಮುಗೀತೈತಿ ನೋಡ್ರಿ, ಯಾವ ತೋಟಾ ಹಾಕ್ಬೇಕು ಹೇಳ್ರಿ" ಅಂದೆ. ನಾಲ್ಕು ಜನರ ಮುಂದೆ ನಾನು ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ, ಕೇಳು. ನಿನ್ನಪ್ಪನಿಗೆ ಹೇಳಬೇಕಾದ್ದನ್ನೂ ಇದರಲ್ಲೇ ಸೇರಿಸಿದ್ದೇನೆ.

ನೀನು ನೋಡಿದ ಪ್ರಾಣಿಯಲ್ಲಿ ಗಂಡು 300 ಕೆ.ಜಿ. ದಾಟುತ್ತದೆ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಕಡವೆ. ಹಿಂದೆ ದಕ್ಷಿಣದ ಕಾಡುಗಳಿಗೆ ಶಿಕಾರಿಗೆ ಬರುತ್ತಿದ್ದ ಬ್ರಿಟಿಷ್ ಸಾಹೇಬರು ನಮ್ಮ ಕಡವೆಯನ್ನೇ 'ಎಲ್ಕ್' ಎಂದು ಬರೆದಿಟ್ಟಿದ್ದಾರೆ. ಅಷ್ಟು ದೊಡ್ಡ ಮೈ, ಅಷ್ಟು ದಪ್ಪ ಭುಜದ ಎಲುಬು, ನಡುವೆ 200-300 ಮೀಟರ್ ಕಣಿವೆ. ಅದಕ್ಕೇ ಅಲ್ಲಿಯವರು 1906ರಲ್ಲಿ ಬಂದ .30-06, 1925ರ .270, 1963ರ .300 ವಿಂಚೆಸ್ಟರ್ ಮ್ಯಾಗ್ನಂ ಇವುಗಳಲ್ಲಿ ಯಾವುದು ಮೇಲು ಎಂದು ಇಂದಿಗೂ ವಾದ ಮಾಡುತ್ತಾರೆ. ಅವರ ವಾದ ಅವರ ನೆಲಕ್ಕೆ ಸರಿ. ಅಲ್ಲಿ ಸರಕಾರವೇ ಇಂತಿಷ್ಟು ಪ್ರಾಣಿಗೆ, ಇಂಥ ತಿಂಗಳಿಗೆ ಎಂದು ಪರವಾನಗಿ ಕೊಡುತ್ತದೆ. ಇನ್ನೊಂದು ಸಂಗತಿ ನಿನ್ನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಪ್ರಾಣಿಯ ಹಿಂದೆ ಗುಡ್ಡದ ಇಳಿಜಾರು ಇತ್ತು. ಗುರಿ ತಪ್ಪಿದರೂ ಗುಂಡನ್ನು ಮಣ್ಣು ನುಂಗುತ್ತದೆ.

ನಮ್ಮ ಹೊಲದ ಹಿಂದೆ ಏನಿದೆ? ಸವಣೂರಿನಿಂದ ಶಿಗ್ಗಾಂವಿಯವರೆಗೆ ಅಂಗೈಯಂಥ ಬಯಲು. ಹಿರೇಕೆರೂರ ಕಡೆ ಅಲ್ಲಲ್ಲಿ ಗುಡ್ಡವಿದ್ದರೂ ಅದರ ಬುಡದಲ್ಲೇ ಊರು. ತೆನೆ ಕಟ್ಟಿದ ಗೋವಿನಜೋಳ ಆಳೆತ್ತರ ನಿಂತಿರುತ್ತದೆ. ಅದರಾಚೆ ಯಾರದೋ ಅಟ್ಟ, ಅಟ್ಟದ ಮೇಲೆ ನಿನ್ನಂತೆಯೇ ಬೆಳೆ ಕಾಯುವ ಒಬ್ಬ ಹುಡುಗ. ಇನ್ನೂ ಆಚೆ ಹಾಲಿನ ಕ್ಯಾನು ಕಟ್ಟಿಕೊಂಡು ನಸುಕಿನಲ್ಲೇ ಡೈರಿಗೆ ಹೊರಟ ಬೈಕು. ದೊಡ್ಡ ರೈಫಲ್ಲಿನ ಗುಂಡು ತಡೆ ಸಿಗದಿದ್ದರೆ 3 ಕಿಲೋಮೀಟರಿಗೂ ಆಚೆ ಹೋಗುತ್ತದೆ. ನಮ್ಮ ಸೀಮೆಯಲ್ಲಿ ಅಷ್ಟರೊಳಗೆ ಒಂದಲ್ಲ, ಎರಡು ಊರು ಬರುತ್ತವೆ. ಹಂದಿ ಬರುವುದು ಕತ್ತಲಲ್ಲಿ, ಸಿಗುವುದು ಹದಿನೈದು-ಇಪ್ಪತ್ತು ಹೆಜ್ಜೆಯಲ್ಲಿ, ಕಾಣುವುದು ಬರೀ ಜೋಳದ ದಂಟಿನ ಅಲುಗಾಟ. ಅಲುಗಾಟಕ್ಕೆ ಗುಂಡು ಹೊಡೆದು, ಬೆಳಕು ಮಾಡಿ ನೋಡಿದರೆ ಅಲ್ಲಿ ಬಿದ್ದದ್ದು ಮನುಷ್ಯ ಎಂಬ ಸುದ್ದಿಯನ್ನು ನನ್ನ ಆಯುಷ್ಯದಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ರೈಫಲ್ಲಿನ ಮಾತು ಇಲ್ಲಿಗೇ ಬಿಡು.

ಇಷ್ಟಾಗಿ, ಕಾನೂನು ನಿನ್ನಂಥ ರೈತನಿಗೆ ಕೊಡು ಎಂದು ಹೇಳುವುದೂ ರೈಫಲ್ಲನ್ನಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಎರಡನ್ನು ಬಿಡಿಸಿ ಬರೆದಿದ್ದಾರೆ: ರಕ್ಷಣೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ನುಣುಪಾದ ಬಂದೂಕು, ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಬಂದೂಕು. ಅರ್ಜಿ ಹೋಗುವುದು ಹಾವೇರಿಯ ಜಿಲ್ಲಾಧಿಕಾರಿ ಕಚೇರಿಗೆ. ವಯಸ್ಸು 21 ತುಂಬಿರಬೇಕು, ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ, ಬಂದೂಕು ಹಿಡಿಯುವ ತರಬೇತಿಯ ಪ್ರಮಾಣಪತ್ರ ಬೇಕು. 2019ರ ತಿದ್ದುಪಡಿಯ ಮೇಲೆ ಲೈಸೆನ್ಸು 5 ವರ್ಷಕ್ಕೆ ಸಿಗುತ್ತದೆ, ಒಬ್ಬನ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವ ಹಾಗಿಲ್ಲ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಇವನ್ನೆಲ್ಲ ಕಾಟ ಎಂದುಕೊಳ್ಳಬೇಡ. ಲೈಸೆನ್ಸಿಲ್ಲದ ನಾಡ ಬಂದೂಕನ್ನು ಅಗ್ಗಕ್ಕೆ ಕೊಡುತ್ತೇನೆ ಎಂದು ಬರುವವರು ನಮ್ಮ ಸಂತೆಗಳಲ್ಲೂ ಇದ್ದಾರೆ. ಆ ನಳಿಗೆ ಒಡೆದು ಬೆರಳು ಕಳೆದುಕೊಂಡವನ ಕೈ ನಾನು ನೋಡಿದ್ದೇನೆ. ಅತ್ತ ಹೋಗಬೇಡ.

ಇದೊಂದನ್ನು ಮಾತ್ರ ಎದೆಯಲ್ಲಿ ಇಟ್ಟುಕೋ. ಬಂದೂಕಿನ ಲೈಸೆನ್ಸು ಅಂದರೆ ಪ್ರಾಣಿ ಹೊಡೆಯುವ ಲೈಸೆನ್ಸು ಅಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಎಂಬುದು ಈ ದೇಶದಲ್ಲಿ ಅಪರಾಧ. ಹಂದಿ ನಿನ್ನ ಹೊಲದಲ್ಲೇ ನಿಂತಿದ್ದರೂ ಅರಣ್ಯ ಇಲಾಖೆಯ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಟ್ಟರೆ ಮಾತ್ರ ಗುಂಡು ಹಾರಬೇಕು. ಚಿಗರಿಯ ಮಾತಂತೂ ಎತ್ತಲೇಬೇಡ. ಅದಕ್ಕಾಗಿಯೇ ನಮ್ಮ ಪಕ್ಕದ ರಾಣೇಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಆಯಿತು. ಚಿಗರಿ ಆ ಕಾಯ್ದೆಯ ಮೊದಲನೆಯ ಪರಿಶಿಷ್ಟದ ಪ್ರಾಣಿ, ಹೊಡೆದರೆ 3ರಿಂದ 7 ವರ್ಷ ಸೆರೆ. ಬಂಕಾಪುರ ಕೋಟೆಯ ನವಿಲುಗಳಿಗೂ ಅದೇ ರಕ್ಷೆ. ಶೇಂಗಾ ಮೊಳಕೆ ಕುಕ್ಕಿ ತಿನ್ನುವ ನವಿಲಿನ ಮೇಲೆ ಸಿಟ್ಟು ಬರುತ್ತದೆ, ನನಗೂ ಬಂದಿದೆ. ಕವಣೆ ಬೀಸು, ಡಬ್ಬಿ ಬಡಿ, ಅಷ್ಟೇ.

ಇಷ್ಟೆಲ್ಲ ಆದ ಮೇಲೂ ಬಂದೂಕು ಬೇಕು ಎನ್ನುವುದಾದರೆ ನಿನ್ನ ಅಜ್ಜನದೇ ಇದೆ. ವಾರಸುದಾರನೆಂದು ಲೈಸೆನ್ಸಿಗೆ ಅರ್ಜಿ ಹಾಕಬಹುದು. ಜೋಡು ನಳಿಗೆಯ 12 ಬೋರು. 12 ಎಂದರೆ ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಆ ನಳಿಗೆಯ ಗಾತ್ರಕ್ಕೆ ಸರಿಯಾದ ಸೀಸದ ಗುಂಡು ಮಾಡಿದರೆ 12 ಗುಂಡು ಸೇರಿ ಒಂದು ಪೌಂಡು ತೂಗುತ್ತವೆ, ಆ ಲೆಕ್ಕ. ಸುಮಾರು ಹದಿನೆಂಟೂವರೆ ಮಿಲಿಮೀಟರ್ ಬಾಯಿ. ಆದರೆ ಅದನ್ನು ಕೈಗೆತ್ತಿಕೊಂಡ ಕೂಡಲೇ ತೋಟಾ ತುಂಬಬೇಡ. ಮೊದಲು ಲೈಸೆನ್ಸಿರುವ ಬಂದೂಕು ರಿಪೇರಿಯವನಿಗೆ ತೋರಿಸು. ನಳಿಗೆಯ ಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆ ಕಂಡರೆ ಅದು ಕಬ್ಬಿಣದ ಪಟ್ಟಿಗಳನ್ನು ಸುತ್ತಿ ಬಡಿದು ಮಾಡಿದ ಹಳೆಯ ಕಾಲದ ನಳಿಗೆ. ಕರಿಮದ್ದಿನ ಕಾಲಕ್ಕೆ ಮಾಡಿದ್ದು. ಇಂದಿನ ಹೊಗೆಯಿಲ್ಲದ ಮದ್ದಿನ ಒತ್ತಡವನ್ನು ಅದು ತಾಳುತ್ತದೆಂದು ನಂಬಬಾರದು. ಗೋಡೆಗೆ ತೂಗುಹಾಕಿ ಅಜ್ಜನನ್ನು ನೆನೆಸು, ಗುಂಡು ಹಾರಿಸಬೇಡ.

ನಳಿಗೆ ಒಳ್ಳೆಯದೇ ಇದ್ದರೂ ಇನ್ನೊಂದು ಅಪಾಯವಿದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ತೋಟಾ ಕೂರುವ ಮನೆ ಹಳೆಯ ಬಂದೂಕುಗಳಲ್ಲಿ 65 ಮಿ.ಮೀ. ಉದ್ದ. ಈಗ ಸಿಗುವ ತೋಟಾಗಳಲ್ಲಿ ಬಹಳಷ್ಟು 70 ಮಿ.ಮೀ. ಉದ್ದನೆಯದು ಗಿಡ್ಡ ಮನೆಯೊಳಗೆ ಸಲೀಸಾಗಿ ಕೂರುತ್ತದೆ, ಬಂದೂಕು ಮುಚ್ಚುತ್ತದೆ, ಯಾವ ಅನುಮಾನವೂ ಬರುವುದಿಲ್ಲ. ಯಾಕೆಂದರೆ ತೋಟಾದ ಬಾಯಿ ಆಗ ಮಡಚಿಕೊಂಡಿರುತ್ತದೆ. ಹಾರಿಸಿದಾಗ ಆ ಮಡಿಕೆ ಬಿಚ್ಚಿ ಮುಂದೆ ಚಾಚಲು ಜಾಗ ಸಾಲದೆ ಛರ್ರೆಯ ದಾರಿಗೆ ಅಡ್ಡವಾಗುತ್ತದೆ, ಒಳಗಿನ ಒತ್ತಡ ಏರುತ್ತದೆ. ಒಡೆಯುವುದು ನಿನ್ನ ಎಡಗೈ ಇರುವ ಜಾಗದಲ್ಲಿ. ಹಾಗಾಗಿ ಅಳತೆ ನೋಡಿಸದೆ ಒಂದು ತೋಟಾವನ್ನೂ ಕೊಳ್ಳಬೇಡ.

ಇನ್ನು ಯಾವ ತೋಟಾ ಎಂಬ ನಿನ್ನ ಪ್ರಶ್ನೆ. ಅಂಗಡಿಯಲ್ಲಿ ಎಲ್‌ಜಿ, ಎಸ್‌ಜಿ, ಬಿಬಿ, 4ನೇ ನಂಬರು ಎಂದು ಹೇಳುತ್ತಾರೆ. ಎಲ್‌ಜಿಯಲ್ಲಿ ಬಟಾಣಿಗಿಂತ ದಪ್ಪನೆಯ ಕೆಲವೇ ಗುಂಡು. ಕೆಳಗಿಳಿದಂತೆ ಗುಂಡು ಸಣ್ಣದು, ಸಂಖ್ಯೆ ಹೆಚ್ಚು. 4ನೇ ನಂಬರು ಹಕ್ಕಿಯ ಛರ್ರೆ. ಅನುಮತಿ ಇದ್ದು ಹಂದಿಗೇ ಹಾರಿಸಬೇಕಾಗಿ ಬಂದರೆ ಎಲ್‌ಜಿ, ಅದೂ 30 ಹೆಜ್ಜೆಯ ಒಳಗೆ. ಅದರಾಚೆ ಗುಂಡುಗಳು ಹರಡಿ ಒಂದೋ ಎರಡೋ ತಗಲುತ್ತವೆ; ಪ್ರಾಣಿ ಸಾಯುವುದಿಲ್ಲ, ನರಳುತ್ತದೆ. ಒಂಟಿ ಗುಂಡಿನ ತೋಟಾ ಎಂದರೆ ಬಯಲಿನಲ್ಲಿ ರೈಫಲ್ಲಿನ ಅಪಾಯವೇ ಅರ್ಧ ಬಂದಂತೆ. ಬಾಯಿ ಬಿಗಿದ ನಳಿಗೆಯಲ್ಲಿ ಅದನ್ನು ಹಾರಿಸಲೂಬಾರದು. ಮಳೆಗಾಲದಲ್ಲಿ ಥಂಡಿ ಹಿಡಿದು ಉಬ್ಬಿದ ತೋಟಾವನ್ನು ಒತ್ತಿ ತುರುಕಬೇಡ. ಕುದುರೆ ಎಳೆದರೂ ಢಂ ಅನ್ನಲಿಲ್ಲ ಎಂದುಕೋ. ಬಾಯಿಯನ್ನು ನೆಲದ ಕಡೆಗೇ ಹಿಡಿದು ಮನಸ್ಸಿನಲ್ಲಿ ಅರವತ್ತು ಎಣಿಸು, ಆಮೇಲೆ ಬಿಚ್ಚು. ತಡವಾಗಿ ಹೊತ್ತುವ ಮದ್ದೂ ಇರುತ್ತದೆ.

ಇಷ್ಟು ನಿಖರವಾಗಿ ಯಾಕೆ ಹೇಳುತ್ತೇನೆಂದರೆ ನಾನೊಂದು ತಪ್ಪು ಮಾಡಿದ್ದೇನೆ. ಮನೆಯಲ್ಲಿ ನಿನ್ನ ಕಾಕಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆಗ ನಿನ್ನಷ್ಟೇ ವಯಸ್ಸು ನನಗೆ. ಕೆರೆಯ ಕೆಳಗಿನ ಭತ್ತಕ್ಕೆ ಹಂದಿ ನುಗ್ಗಿದ್ದವು. ನಳಿಗೆಯಲ್ಲಿ ಹಕ್ಕಿಯ ಛರ್ರೆ ಇತ್ತು. ಬದಲಿಸುವಷ್ಟು ತಾಳ್ಮೆ ಇರಲಿಲ್ಲ. ಅನುಮತಿಯ ಕಾಗದವಂತೂ ಇರಲೇ ಇಲ್ಲ. ಒಂದು ಹಂದಿ ಅರವತ್ತು ಹೆಜ್ಜೆಯ ಮೇಲಿತ್ತು, ಹಾರಿಸಿದೆ. ಕೂಗಿ ಓಡಿತು. ಮೂರನೆಯ ದಿನ ನಾಯಿಗಳು ಹಳ್ಳದ ಕಂಟಿಯೊಳಗೆ ಅದನ್ನು ಹುಡುಕಿದವು. ಹೆಣ್ಣು ಹಂದಿ. ಹಿಂಗಾಲಿನ ಗಾಯದಲ್ಲಿ ಹುಳು ಬಿದ್ದಿದ್ದವು, ಇನ್ನೂ ಜೀವವಿತ್ತು, ನನ್ನನ್ನೇ ನೋಡುತ್ತಿತ್ತು. ಅದರ ಹಿಂದೆ ಪಟ್ಟೆ ಮೈಯ ಮರಿಗಳು. ಬೆಳೆ ಹಾಳಾದದ್ದು ಮುಂದಿನ ವರ್ಷ ಮರೆತುಹೋಯಿತು. ಆ ನೋಟ ಮರೆತಿಲ್ಲ.

ಹಿಂದಿನವರೂ ಹಂದಿಯನ್ನು ಹಗುರವಾಗಿ ಕಂಡವರಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಒಂದು ಕಲ್ಲಿದೆ. ದೊಡ್ಡ ಹಂದಿಯೊಂದಿಗೆ ಕಾದಾಡಿ, ಅದನ್ನೂ ಕೊಂದು ತಾನೂ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ ನಿಲ್ಲಿಸಿದ ಕಲ್ಲು ಅದು. ನಾಯಿಯ ಸಾವಿಗೂ ಕಲ್ಲು ನಿಲ್ಲಿಸಿದ ಜನ ನಾವು. ಇಂದು ಅದೇ ಹಂದಿಗೆ ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಡುವವರಿದ್ದಾರೆ. ಅದನ್ನು ಕಚ್ಚಿ ದವಡೆ ಛಿದ್ರವಾದ ಆಕಳನ್ನು ನೋಡಿದವನು ಮತ್ತೆ ಅದರ ಹೆಸರೆತ್ತುವುದಿಲ್ಲ. ತಂತಿಬೇಲಿಗೆ ಕಂಬದಿಂದ ನೇರ ಕರೆಂಟು ಕೊಡುವುದೂ ಹಾಗೆಯೇ. ನಸುಕಿನಲ್ಲಿ ನೀರು ಬಿಡಲು ಹೋದ ಹೊಲದ ಯಜಮಾನನೇ ಅದಕ್ಕೆ ಸಿಕ್ಕಿ ಸಾಯುತ್ತಾನೆ. ಸೋಲಾರ್ ಬೇಲಿಯ ಕರೆಂಟು ಬೇರೆ. ಅದು ಬಿಟ್ಟು ಬಿಟ್ಟು ಕ್ಷಣಮಾತ್ರ ಹರಿಯುವ ಏಟು. ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಆದರೆ ತಂತಿಗೆ ಹುಲ್ಲು ತಾಗಿದರೆ ಏಟು ಮಣ್ಣಿಗಿಳಿದು ಸಪ್ಪೆಯಾಗುತ್ತದೆ. ವಾರಕ್ಕೊಮ್ಮೆ ಬುಡ ಸವರುವ ಕೆಲಸ ನಿನ್ನದು. ಬಂದೂಕಿಗೆ ಹಾಕುವ ದುಡ್ಡನ್ನು ಮೊದಲು ಅದಕ್ಕೆ ಹಾಕು ಎನ್ನುವುದೇ ನನ್ನ ಮಾತು.

ಹಾಳಾದ ಬೆಳೆಯ ಪರಿಹಾರವನ್ನೂ ಬಿಡಬೇಡ. ನಾಚಿಕೆಯಿಂದಲೋ ಬೇಸರದಿಂದಲೋ ನಮ್ಮವರು ಅರ್ಜಿಯನ್ನೇ ಹಾಕುವುದಿಲ್ಲ. ಹಂದಿ ಮುರಿದ ದಂಟು ಒಣಗುವ ಮೊದಲೇ ಫೋಟೊ ತೆಗೆ, ಉತಾರ ಜೊತೆಗಿಟ್ಟು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಕೊಡು, ಸ್ವೀಕೃತಿ ಇಸಿದುಕೋ. ನಾಳೆ ಹಂದಿ ಹೊಡೆಯಲು ಅನುಮತಿ ಕೇಳುವ ಪ್ರಸಂಗ ಬಂದರೂ ಆ ಕಾಗದಗಳೇ ನಿನಗೆ ಸಾಕ್ಷಿ.

ತೆನೆ ಹಾಲುಗಟ್ಟುವ ಹೊತ್ತಿಗೆ ಎಂಟು ದಿನ ರಜೆ ಹಾಕಿ ಬಾ. ಅಟ್ಟಕ್ಕೆ ಹೊಸ ಬಿದಿರು ಕಟ್ಟಿಸಿದ್ದೇನೆ, ಇಬ್ಬರು ಮಲಗಬಹುದು. ದೊಡ್ಡ ಬ್ಯಾಟರಿ ಇದೆ, ತಗಡಿನ ಡಬ್ಬಿ ಇದೆ, ಕಂಬಳಿ ನೀನು ತಾ. ಬಂದೂಕು ಟ್ರಂಕಿನಲ್ಲಿದೆ, ಕೀಲಿಕೈ ಕಾಕಿಯ ಸೊಂಟದಲ್ಲಿದೆ.